ಮೂಟೆಯ ತಳದ ಹಿಡಿ

ಗೋಣಿಕೊಪ್ಪದ ಕಾಫಿ ಡಿಪೋದಲ್ಲಿ
ಉಪ್ಪ ಯಾವತ್ತೂ ಮೂಟೆಯ ಬಾಯಿ ಬಿಚ್ಚಿ ನೋಡುವವನಲ್ಲ.
ಬಾಯಲ್ಲಿ ಎಲ್ಲರೂ ಒಳ್ಳೇದನ್ನೇ ಇಟ್ಟಿರ್ತಾರೆ, ಅನ್ನುತ್ತಾನೆ.
ಹಿತ್ತಾಳೆಯ ಕೊಳವೆಯನ್ನು ಪಕ್ಕೆಗೆ ಚುಚ್ಚಿ
ತಳದಿಂದ ಒಂದು ಹಿಡಿ ಎಳೆದು
ಸಿಪ್ಪೆ ಬಿಡಿಸಿ, ತೂಗಿ, ಕಪ್ಪು ಬೀಜ ಆಚೆ ಹಾಕಿ
'ಇಪ್ಪತ್ತಾರೂವರೆ' ಅನ್ನುತ್ತಾನೆ. ಅಷ್ಟೇ.
ಐವತ್ತು ಕಿಲೋ ಚೆರ್ರಿಯ ಹಣೆಬರಹ ಅದು.
ಮೊಯ್ದು ಹೇಳಿದ್ರೆ ಮುಗೀತು ಅಂತ
ತೋಟದವರೂ ಸುಮ್ಮನಾಗುತ್ತಾರೆ.

ನಾನು ಐಟಿ ಓದಬೇಕು ಅಂದಾಗ
ಮನೆಗೆ ಬಂದವು ಹೊಳೆಯುವ ಪುಸ್ತಕಗಳು:
ಹುಲ್ಲುಹಾಸು, ಗಾಜಿನ ಗೋಡೆ,
ಒಂದೇ ಲ್ಯಾಪ್‌ಟಾಪ್ ನೋಡಿ ನಗುವ ನಾಲ್ಕು ಮಂದಿ,
ನೂರಕ್ಕೆ ನೂರು ಪ್ಲೇಸ್‌ಮೆಂಟ್.
ಉಪ್ಪ ಹೆಬ್ಬೆರಳಲ್ಲಿ ಪುಟ ಉಜ್ಜಿ ನೋಡಿದ.
'ನೂರಕ್ಕೆ ನೂರು ಔಟ್‌ಟರ್ನ್ ಬರೋ ಕಾಫಿ
ಈ ಜಿಲ್ಲೆಯಲ್ಲಿ ಇನ್ನೂ ಬೆಳೆದಿಲ್ಲ ಮೋಳೇ.'

ಹಾಗಾಗಿ ಮೂರು ದಿನ, ಮೂರು ಊರು.
ಆಫೀಸಿನ ಸೋಫಾದಲ್ಲಿ ಅವನು ಕೂರಲೇ ಇಲ್ಲ.
ಕೌಂಟರಿನಲ್ಲಿ ಫೀಸಿನ ಚೀಟಿ ಇಸಿದುಕೊಂಡು
ಸೀದಾ ಕ್ಯಾಂಟೀನಿಗೆ ಹೋಗಿ
ಎರಡನೇ ವರ್ಷದವರ ಬೆಂಚಿನಲ್ಲಿ ಜಾಗ ಮಾಡಿಕೊಂಡು
ಟೀ ತರಿಸಿ (ಕಾಫಿ ಬೇಡವಂತೆ, ಅದು ಬರೀ ಚಿಕೋರಿಯಂತೆ)
ಕೇಳುತ್ತಿದ್ದ:
ಲ್ಯಾಬಿನ ಕಂಪ್ಯೂಟರುಗಳಲ್ಲಿ ಬೆಳಗ್ಗೆ ಎಷ್ಟು ಎದ್ದೇಳ್ತವೆ?
ಹೋದ ವರ್ಷದ ಮೇಷ್ಟ್ರು ಈ ವರ್ಷವೂ ಇದ್ದಾರಾ?
ಹುಡುಗಿಯರ ಹಾಸ್ಟೆಲ್ ಗೇಟು ಆರಕ್ಕೆ ಮುಚ್ಚಿದರೆ
ಲ್ಯಾಬು ಎಂಟರವರೆಗೆ ತೆರೆದು ಯಾರಿಗೆ ಲಾಭ?
ಅವನ ಅಂಗಿಯಲ್ಲಿ ಚೆರ್ರಿಯ ಹುಳಿ ವಾಸನೆ.
ನಾನು ಮೊಬೈಲಿನೊಳಗೆ ಮುಖ ಹುದುಗಿಸಿದ್ದೆ.

ಮೊದಲ ಕಾಲೇಜಿನವರು ನಗುತ್ತಾ ಎದ್ದುಹೋದರು.
ಎರಡನೆಯದರಲ್ಲಿ ಒಬ್ಬ ಎಲ್ಲದಕ್ಕೂ 'ಸೂಪರ್ ಅಂಕಲ್' ಅಂದ;
ಕೊರಳಿನ ಟ್ಯಾಗಿನಲ್ಲಿ 'ಅಡ್ಮಿಷನ್ ಸ್ವಯಂಸೇವಕ' ಅಂತಿತ್ತು.
ಮೂರನೆಯದರಲ್ಲಿ, ಬಣ್ಣ ಹೋದ ಗೋಡೆಯ ಕೆಳಗೆ
ಅರ್ಧ ಪಫ್ಸ್ ಹಿಡಿದ ನಿಶಿತಾ ಎನ್ನುವವಳು
ಸ್ವಲ್ಪ ಯೋಚಿಸಿ ಅಂದಳು:
'ನಲವತ್ತರಲ್ಲಿ ಮೂವತ್ತೊಂದು. ಮಳೆಗಾಲಕ್ಕೆ ಇನ್ನೂ ಕಡಿಮೆ.
ಇಬ್ಬರು ಮೇಷ್ಟ್ರು ಬಿಟ್ಟುಹೋದರು. ಒಬ್ಬರಿದ್ದಾರೆ,
ನಮ್ಮ ಪ್ರೋಗ್ರಾಮ್ ಓಡೋವರೆಗೂ ಅವರು ಮನೆಗೆ ಹೋಗೋದಿಲ್ಲ.
ಕೆಲಸ ಸಿಗುತ್ತಾ? ಗೊತ್ತಿಲ್ಲ ಅಂಕಲ್. ನನಗೂ ಭಯ ಇದೆ.'

ವಾಪಸು ಬರುವಾಗ ಉಪ್ಪ ಮಾತಾಡಲಿಲ್ಲ.
ತಿತಿಮತಿಯ ಹತ್ತಿರ ಮುಂದೆ ಆನೆಯಿದೆಯೆಂದು
ಬಸ್ಸು ದೀಪ ಆರಿಸಿ ನಿಂತಾಗ, ಕತ್ತಲಲ್ಲಿ ಕೇಳಿದ:
'ಆ ಕೌಂಟರಿನವಳು ನಿನ್ನ ರ್‍ಯಾಂಕ್ ನೋಡಿ
ತುಟಿ ಹಾಗೆ ಮಾಡಿದಳಲ್ಲ, ನೋಡಿದ್ಯಾ?'
ನೋಡಿದ್ದೆ. ನಲವತ್ತೊಂದು ಸಾವಿರದ ಚಿಲ್ಲರೆ.
ಪರೀಕ್ಷೆಯ ದಿನ ಜ್ವರ,
ಕೆಮಿಸ್ಟ್ರಿಯ ಅಕ್ಷರಗಳು ಈಜುತ್ತಿದ್ದವು.
'ನನ್ನನ್ನೂ ಚುಚ್ಚಿ ನೋಡಿದರು ಉಪ್ಪ.'
'ಒಂದು ಮೂಟೆಗೆ ನಾನು ಮೂರು ಕಡೆ ಚುಚ್ತೇನೆ,' ಅಂದ.
'ಒಂದೇ ಹಿಡಿಗೆ ರೇಟು ಕಟ್ಟುವವನ ಡಿಪೋ ಮೆಟ್ಟಿಲು
ಯಾರೂ ಎರಡನೇ ಸಲ ಹತ್ತಲ್ಲ.'
ಆನೆ ರಸ್ತೆ ಬಿಟ್ಟಿತು. ಯಾರೋ ಸೀನಿದರು.

ಆಪ್ಷನ್ ಎಂಟ್ರಿಯ ಕೊನೆಯ ರಾತ್ರಿ
ಡಿಪೋದ ಬಿಲ್ಲಿಂಗ್ ಕಂಪ್ಯೂಟರಿನ ಮುಂದೆ ಕೂತೆ.
ಕೀಲಿಗಳ ಸಂದಿಯಲ್ಲಿ ಕಾಫಿ ಹೊಟ್ಟು,
ಪಕ್ಕದಲ್ಲಿ ತೇವ ಅಳೆಯುವ ಯಂತ್ರ,
ಬಿಲ್ಲಿನ ಬೆನ್ನಿಗೆ ಬರೆದಿಟ್ಟ ಪಾಸ್‌ವರ್ಡ್.
ಹೊರಗೆ ಉಪ್ಪ ಕೊನೆಯ ಲಾರಿಗೆ ಲೆಕ್ಕ ಕೂಗುತ್ತಿದ್ದ.

ಗಾಜಿನ ಗೋಡೆಯದು ಮೊದಲಿತ್ತು. ನಾನೇ ಇಟ್ಟದ್ದು,
ಫೋಟೋಗೆ ಚೆನ್ನಾಗಿರುತ್ತದೆ ಅಂತ, ಸುಳ್ಳೇಕೆ.
ಮೂರನೆಯದನ್ನು ಎಳೆದು ಮೇಲೆ ತಂದೆ.
ಮತ್ತೆ ಕೆಳಗಿಟ್ಟೆ. ಮತ್ತೆ ತಂದೆ.
ಕೋಡು, ಬ್ರಾಂಚು, ಫೀಸು ಎಲ್ಲಕ್ಕೂ ಒಂದೊಂದು ಕಾಲಂ;
ಗೊತ್ತಿಲ್ಲ ಅಂದ ಹುಡುಗಿಗೆ ಕಾಲಂ ಇರಲಿಲ್ಲ.

ಒತ್ತಿದ ಮೇಲೆ ಉಪ್ಪ ಒಳಗೆ ಬಂದ.
ಯಾವುದು ಮೊದಲು ಅಂತ ಕೇಳಲಿಲ್ಲ.
ಪ್ರಿಂಟನ್ನು ಬೆಳಕಿಗೆ ಹಿಡಿದ, ಕನ್ನಡಕ ಇರಲಿಲ್ಲ,
'ಎರಡು ಜೆರಾಕ್ಸ್ ಇಟ್ಟುಕೋ' ಅಂದ.
ಆಮೇಲೆ ಮೇಜಿನ ಮೇಲಿದ್ದ ಒಂದು ಕಪ್ಪು ಬೀಜ
ಆರಿಸಿ ಜೇಬಿಗೆ ಹಾಕಿಕೊಂಡ.
ಯಾಕೆಂದು ನಾನೂ ಕೇಳಲಿಲ್ಲ.