ಸೋರುವ ಜಾಗ

ಮೂರು ಸಲ ಗ್ಯಾಸ್ ತುಂಬಿಸಿದ್ದೆ.
ಮೂರು ಸಲವೂ ಚೆಂಬೂರು ದಾಟುವಷ್ಟರಲ್ಲಿ
ಮುಖಕ್ಕೆ ಬಿಸಿಗಾಳಿ.

"ತುಂಬೋದು ಯಾರ್ ಬೇಕಾದ್ರೂ ತುಂಬ್ತಾರ್ರೀ,
ಹೋಗೋದು ಎಲ್ಲಿಂದಂತ ಕೇಳೀರೇನು?"
ಹುಮನಾಬಾದಿನ ಮುಸ್ತಕೀಮ,
ಕುರ್ಲಾದ ತಗಡಿನ ಕೆಳಗೆ,
ಗೇಜು ಪಕ್ಕಕ್ಕಿಟ್ಟು
ಪಾತ್ರೆ ಸೋಪಿನ ನೊರೆ ಕಲಸಿ
ಪೈಪಿನ ಗಂಟುಗಂಟಿಗೂ ಸವರಿದ,
ಮಗುವಿನ ಬೆನ್ನುಜ್ಜುವ ಹಾಗೆ.

ಕಾದೆವು. ಹಳಿಯ ಮೇಲೊಂದು ಲೋಕಲ್ ಹೋಯಿತು.
ಕಂಡೆನ್ಸರಿನ ಮೂಲೆಯಲ್ಲಿ
ಒಂದೇ ಒಂದು ಗುಳ್ಳೆ
ಉಬ್ಬಿ, ಬಣ್ಣವೇರಿ, ಒಡೆಯಿತು.
ಮತ್ತೊಂದು.

ಹದಿನೈದು ರೂಪಾಯಿಯ ರಬ್ಬರ್ ಉಂಗುರ.
ಎರಡು ಬೇಸಿಗೆಯ ನನ್ನ ದುಡ್ಡು
ಅದರ ಸವೆದ ತುಟಿಯಲ್ಲೇ ಹೊರಟುಹೋಗಿತ್ತು.

ಸಂಜೆ, ಸಾಯನ್ ಸಿಗ್ನಲ್ಲಿನಲ್ಲಿ ಮೊಣಕೈ ತಣ್ಣಗೆ.
ಗಾಜಿನಾಚೆ ಶೇಂಗಾ ಮಾರುವ ಹುಡುಗಿಯ ಬಾಯಿ ಆಡುತ್ತಿದೆ,
ದನಿ ಇಲ್ಲ.

ಬೆರಳಷ್ಟು ಗಾಜು ಇಳಿಸಿದೆ.
ಸೋರಲಿ.