ನಾಲ್ಕನೇ ನಾಲೆ

ಮುಂದಿನ ಹಲ್ಲಿಗೆ ನೂಲು ಕಡಿದು ಕಡಿದು ಕಚ್ಚು ಬಿದ್ದಿದೆ,
ನಲವತ್ತು ವರ್ಷದ ಕಚ್ಚು. ಅದು ನೋಯಲಿಲ್ಲ.
ನೋವು ಎದ್ದದ್ದು ಹಿಂದೆ, ಮೇಲಿನ ಎಡದವಡೆಯಲ್ಲಿ,
ಮಂಡಕ್ಕಿಯೊಳಗೆ ಅರಳದೆ ಉಳಿದ ಒಂದು ಕಾಳಿಗೆ.
ಚೌಕಿಪೇಟೆಯ ಅಂಗಡಿಯಲ್ಲಿ ಇಡೀ ಜೂನ್ ತಿಂಗಳು
ಯೂನಿಫಾರ್ಮಿನ ರಾಶಿಯ ನಡುವೆ
ಲವಂಗ ಕಚ್ಚಿಕೊಂಡು ಕೂತೆ.
ಅಳತೆ ಕೊಡಲು ಬಂದ ಮಕ್ಕಳು
ನನ್ನ ಕೆನ್ನೆಯ ಅಳತೆ ತೆಗೆದು ಹೋದರು.

ಕಾಲೇಜಿನ ಆಸ್ಪತ್ರೆ. ಖರ್ಚು ಕಮ್ಮಿ, ಹೊತ್ತು ಜಾಸ್ತಿ.
ಸಾಲಾಗಿ ಇಪ್ಪತ್ತು ಕುರ್ಚಿ, ತೆರೆದ ಇಪ್ಪತ್ತು ಬಾಯಿ.
ನನ್ನ ಪಾಲಿಗೆ ಬಂದವಳು ಲಿಂತೋಯ್, ಮಣಿಪುರದ ಹುಡುಗಿ.
ಅಜ್ಜ ಅನ್ನಬೇಕೋ ಅಂಕಲ್ ಅನ್ನಬೇಕೋ ತಿಳಿಯದೆ
"ಸುಲಾಖೆ ಅವರೇ, ಬಾಯಿ ದೊಡ್ಡದು" ಅಂದಳು.
ದೊಡ್ಡದೇ, ನಮ್ಮನೆಯವಳೂ ಅದನ್ನೇ ಅನ್ನುತ್ತಾಳೆ,
ಹೇಳೋಣವೆಂದರೆ ಅಷ್ಟರಲ್ಲಿ ಸೂಜಿ ಇಳಿದಿತ್ತು.

ರೂಟ್ ಕೆನಾಲ್ ಅಂದಾಗ ನನಗೆ ಕಂಡದ್ದು ಭದ್ರಾ ನಾಲೆ,
ಹುಡುಗರು ಚಡ್ಡಿಯಲ್ಲಿ ದುಮುಕುವ ಕೆಂಪು ನೀರು.
ಇಷ್ಟು ಸಣ್ಣ ಹಲ್ಲೊಳಗೆ ಅಂಥವು ಮೂರು, ಅಂದಳು.
ಕಸೂತಿಗೆ ಬಟ್ಟೆಯನ್ನು ರಿಂಗಿಗೆ ಬಿಗಿದಂತೆ
ಹಲ್ಲಿನ ಸುತ್ತ ಹಸಿರು ರಬ್ಬರು ಬಿಗಿದಳು.
ಆಮೇಲೆ ಎಳೆಯಂಥ ಅರಗಳು. ಹಿಡಿಗೊಂದು ಬಣ್ಣ:
ನೇರಳೆ, ಬಿಳಿ, ಹಳದಿ, ಕೆಂಪು,
ನನ್ನ ರೀಲಿನ ಡಬ್ಬಿಯೇ ಎದೆಯ ಮೇಲೆ ಬಂದು ಕೂತಂತೆ.
ಹತ್ತು, ಹದಿನೈದು, ಇಪ್ಪತ್ತು, ನಂಬರು ಏರಿದಷ್ಟೂ ದಪ್ಪ.
ಮಿಷನ್ನಿನ ಸೂಜಿಗೂ ಇದೇ ಲೆಕ್ಕ, ಕೈಸೂಜಿಗೆ ಉಲ್ಟಾ.
ಹೇಳಬೇಕೆನಿಸಿತು. ನಾಲಿಗೆ ರಬ್ಬರಿನ ಆಚೆ.

ಬಾಯಿ ಮುಚ್ಚಲಾಗದವನಿಗೆ ಕಣ್ಣಿಗಷ್ಟೇ ಕೆಲಸ.
ಅವಳ ಬಿಳಿ ಕೋಟು ಅವಳ ಅಳತೆಯದಲ್ಲ.
ತೋಳು ಎರಡು ಮಡಿಕೆ; ಕಂಕುಳಲ್ಲಿ ಹೊಲಿಗೆ ಬಿಟ್ಟು
ಕೈ ಎತ್ತಿದಾಗೆಲ್ಲ ಇನ್ನೊಂದು ಎಳೆ ಬಿಚ್ಚುತ್ತಿತ್ತು.
ಅವಳು ನನ್ನ ಹುಳುಕು ನೋಡುತ್ತಿದ್ದಳು,
ನಾನು ಅವಳದು.

ಎರಡನೇ ಸಲ, ಮರಗಟ್ಟಿಸುವ ಮುಂಚೆ, ಮೇಷ್ಟ್ರು ಬಂದರು.
ಕನ್ನಡಿಯ ಹಿಡಿಯಿಂದ ಹಲ್ಲಿಗೆ ಟಕ್ ಟಕ್.
"ನೋವೈತೇನ್ರಿ?"
ಇತ್ತು. ಕಿವಿಯ ಬುಡಕ್ಕೆ ಮೊಳೆ ಹೊಡೆದಷ್ಟು.
ಅವಳ ಕೈಯಲ್ಲಿ ಮಾರ್ಕಿನ ಪುಸ್ತಕ,
ಅದರ ಅಂಚು ಅಲ್ಲಾಡುತ್ತಿತ್ತು.
ನನಗೆ ಕೆಲಸ ಕಲಿಸಿದವನು, ಸೊಟ್ಟ ಕಾಲರಿನ ಅಂಗಿಯನ್ನು
ಗಿರಾಕಿಯ ಎದುರೇ ಹರಿದು ಮುಖಕ್ಕೆ ಎಸೆದಿದ್ದ.
"ಇಲ್ಲ ಸರ್. ಏನೂ ಇಲ್ಲ."
ಮೂರಕ್ಕೂ ಗುಲಾಬಿ ಕಡ್ಡಿ ತುಂಬಿ ಮುಚ್ಚಿದರು.

ರಾತ್ರಿ, ಆ ಏನೂ ಇಲ್ಲದ್ದು ಎದ್ದು ಕೂತಿತು.
ಮೂರು ಗಂಟೆಗೆ ಉಪ್ಪುನೀರು ಕಾಯಿಸುತ್ತ ಅಂಬೂಬಾಯಿ
"ಯಾರ ಮಾರ್ಕಿಗೆ ಯಾರ ಹಲ್ಲೋ" ಅಂದಳು.
ನಿಜವೇ. ಸೊಟ್ಟ ಕಾಲರು ತೊಟ್ಟು
ಚೆನ್ನಾಗೈತೆ ಎಂದು ನಡೆದುಬಿಡುವ ಗಿರಾಕಿಯಿಂದ
ಯಾವ ಟೈಲರೂ ಕಲಿತದ್ದಿಲ್ಲ.

ಗುರುವಾರ ಹೋಗಿ ಹೇಳಿದೆ: ಅವತ್ತು ಸುಳ್ಳಾಡಿದೆ ಮಗಾ.
ಮಾಸ್ಕು ಇಳಿಸಿ ಏನೋ ಅಂದಳು, ತನ್ನ ಭಾಷೆಯಲ್ಲಿ.
ಅರ್ಥ ಕೇಳಬೇಕಿರಲಿಲ್ಲ, ಬೈಗುಳವೇ.
ತುಂಬಿದ್ದನ್ನೆಲ್ಲ ಬಿಚ್ಚಿದಳು.
ದುರ್ಬೀನಿನ ಕೆಳಗೆ ಮುಕ್ಕಾಲು ಗಂಟೆ.
ಸಿಕ್ಕಿತು ನಾಲ್ಕನೆಯದು, ಒಂದರ ಪಕ್ಕಕ್ಕೇ,
ಸೂಜಿಕಣ್ಣಿಗಿಂತ ಸಣ್ಣದು, ತನ್ನ ಪಾಡಿಗೆ ತಾನು ಕೊಳೆಯುತ್ತ.
"ಸಿಕ್ತು ನೋಡ್ರಿ!"
ಆ ಎರಡು ಮಾತು ಮಾತ್ರ ಅಪ್ಪಟ ದಾವಣಗೆರೆ.

ಈಗ ಆ ಹಲ್ಲಿಗೆ ಬಿಸಿ ಗೊತ್ತಿಲ್ಲ, ತಣ್ಣಗೆ ಗೊತ್ತಿಲ್ಲ.
ಸತ್ತಂಗಾ, ಕೇಳಿದೆ.
"ಕೆಲಸ ಮಾಡುತ್ತೆ. ಹೇಳೋದಿಲ್ಲ, ಅಷ್ಟೆ."

ಕೋಟು ಬಿಚ್ಚಿಸಿಕೊಂಡು ತಂದಿದ್ದೇನೆ.
ತೋಳು ಮೂರು ಇಂಚು ಒಳಗೆ, ಕಂಕುಳಿಗೆ ಡಬಲ್ ಹೊಲಿಗೆ.
ಕೊನೆಯ ಗಂಟು ಬಿದ್ದಾಗ ಬಾಯಿ ತಾನಾಗಿ ತೆರೆಯಿತು.
ಒಂದು ಗಳಿಗೆ ನೂಲು ತುಟಿಯ ಮೇಲೆ.
ಕತ್ತರಿ ಎಲ್ಲಿಟ್ಟೆನೆಂದು ಹುಡುಕಿದೆ.