ಅಂಶ, ಛೇದ

ಡಾಕ್ಟರ್ ಝುಹರಾ ನಾಲ್ಕೂವರೆಗೆ ಬಂದು
ಒಂದು ಸಂಖ್ಯೆ ಬೇಕು ಅಂದಳು, ಒಂದೇ ಒಂದು:
ಈ ಊರಲ್ಲಿ ವರ್ಷಕ್ಕೆ, ಸಾವಿರದಲ್ಲಿ ಎಷ್ಟು ಜನಕ್ಕೆ
ಹೊಸದಾಗಿ ಮಲೇರಿಯಾ.
ಇದ್ದವರ ಲೆಕ್ಕ ಅಲ್ಲ ಮೇಡಂ, ಹೊಸಬರದ್ದು.
ನಾಳೆ ಗೈಡಿಗೆ ತೋರಿಸಬೇಕು.

ಇಪ್ಪತ್ತೆರಡು ವರ್ಷ ಈ ಲೈಬ್ರರಿಯಲ್ಲಿ ಕೂತವಳು ನಾನು.
ರೋಗದ ಹೆಸರು ಹಾಕಿದೆ, ಊರಿನದ್ದು ಹಾಕಿದೆ:
ಮಂಗಳೂರು. ಒಂಬತ್ತು ಲೇಖನ.
ಹಳೆಯ ಸ್ಪೆಲ್ಲಿಂಗು, ಮ್ಯಾಂಗಲೋರ್. ನೂರಾ ಹದಿನಾಲ್ಕು.
'ಅಥವಾ' ದಕ್ಷಿಣ ಕನ್ನಡ, 'ಅಥವಾ' ಸೌತ್ ಕೆನರಾ.
ಕುಡ್ಲ ಅಂದರೆ ಅದಕ್ಕೆ ತಿಳಿಯದು. ಕೊಡಿಯಾಲ್ ತಿಳಿಯದು.
ನಮ್ಮ ಬ್ಯಾರಿಗಳ ಮೈಕಾಲ ಹಾಕಿ ನೋಡಿ, ಅಂದಳು ಝುಹರಾ.
ಹಾಕಿದೆ.
ನೀವು ಹುಡುಕಿದ್ದು ಮೈಕೆಲ್ ಇರಬಹುದೇ, ಎಂದು ಕೇಳಿತು.

ಇದು ಒಂದೇ ಆಸ್ಪತ್ರೆಯದ್ದು.
ಇದು ಬರೀ ಮಳೆಗಾಲದ್ದು.
ಇದರ ಸಾರಾಂಶ ಬಿಟ್ಟಿ, ಉಳಿದದ್ದಕ್ಕೆ ಮೂವತ್ತೈದು ಡಾಲರ್.
ಇದರಲ್ಲಿ ಅಂಶ ಉಂಟು, ಛೇದ ಇಲ್ಲ:
ಜ್ವರ ಬಂದವರು ಇನ್ನೂರ ಆರು. ಎಷ್ಟು ಜನರ ಪೈಕಿ?
ಸುಮ್ಮನಿದೆ.

ಛೇದ ಎಲ್ಲಿಂದ ಬರಬೇಕು ಮಾರಾಯ್ತಿ?
ನನ್ನಮ್ಮ ಮಲೇರಿಯಾ ವಿಭಾಗದಲ್ಲಿ ದಿನಗೂಲಿಗಿದ್ದಳು,
ಕುದ್ರೋಳಿ, ಬೋಳೂರು, ಬಂದರು,
ಬೆರಳು ಚುಚ್ಚಿ ಗಾಜಿಗೆ ರಕ್ತ ಸವರುವ ಕೆಲಸ.
ಕಟ್ಟುತ್ತಿದ್ದ ಫ್ಲಾಟಿನ ಏಳನೇ ಮಾಳಿಗೆಯಲ್ಲಿ
ಸ್ಲ್ಯಾಬಿಗೆ ನೀರು ನಿಲ್ಲಿಸಿದಲ್ಲೇ ಪಕ್ಕಕ್ಕೆ ಹುಡುಗರ ಚಾಪೆ.
ಸೋಮವಾರ ಹದಿನೆಂಟು ಜನ.
ಗುರುವಾರ ಮಾತ್ರೆ ಹಿಡಿದು ಹತ್ತಿದರೆ
ಸ್ಲ್ಯಾಬು ಒಣಗಿದೆ, ಹುಡುಗರಿಲ್ಲ.
ಸುರತ್ಕಲ್ಲಿಗೋ ಕಣ್ಣೂರಿಗೋ, ಮೇಸ್ತ್ರಿಗೂ ನೆನಪಿಲ್ಲ.
ರಿಜಿಸ್ಟರಿನಲ್ಲಿ ದುಂಡಗೆ ಬರೆಯುತ್ತಿದ್ದಳು: ಸ್ಥಳದಲ್ಲಿಲ್ಲ.
ಆಮೇಲೆ ಅಂಚಿನಲ್ಲಿ, ಪೆನ್ಸಿಲಿನಿಂದ, ಯಾರೂ ಕೇಳದಿದ್ದರೂ:
ನೀಲಿ ಅಂಗಿ. ಮಾಲ್ದಾದವನು. ತಂಗಿಯ ಮದುವೆ ಉಂಟಂತೆ.

ಆರು ಗಂಟೆಗೆ ಒಂದು ಸಿಕ್ಕಿತು.
ವಾರ್ಡುವಾರು ಕೋಷ್ಟಕ, ಛೇದ ಸಮೇತ, ಜನಗಣತಿಯದ್ದು.
ಝುಹರಾ ಕುರ್ಚಿಯಲ್ಲೇ ಒಮ್ಮೆ ಕುಣಿದಳು.
ಕೊನೆಯ ಸಾಲು, ಸಣ್ಣ ಅಕ್ಷರ:
ವಿಳಾಸ ಪತ್ತೆಯಾಗದವರು ಹನ್ನೊಂದು, ಲೆಕ್ಕದಿಂದ ಕೈಬಿಡಲಾಗಿದೆ.

ನಾನೂ ಬಿಡಬಹುದಾ ಮೇಡಂ?
ಬಿಡಬಹುದು, ಅಂದೆ. ಎಲ್ಲರೂ ಬಿಡುತ್ತಾರೆ.
ಅಡಿಟಿಪ್ಪಣಿ ಹಾಕು.
ಅವಳು ಹಾಕಿದಳು. ಅಕ್ಷರ ಒಂದು ಸೈಜು ದೊಡ್ಡದು ಮಾಡು, ಅಂದೆ.
ಯಾಕೆ ಅಂತ ಕೇಳಲಿಲ್ಲ, ಮಾಡಿದಳು.

ಫ್ಯಾನು ಆರಿಸುವಾಗ ಕಂಪ್ಯೂಟರಿನ ಹಿಂದಿನಿಂದ
ಒಂದು ಸೊಳ್ಳೆ ಎದ್ದಿತು.
ಇಬ್ಬರೂ ಒಟ್ಟಿಗೇ ಚಪ್ಪಾಳೆ ಹೊಡೆದೆವು.
ತಪ್ಪಿತು.